ಆಟ ನಿಲ್ಲಿಸುವ ದಿನ ಅವಳೇ ಆರಿಸಲಿ

ನಮ್ಮ ಕಡೂರಿನ ಕ್ರಿಕೆಟ್ ಆಟಗಾರ್ತಿ ವೇದಾ ಕೃಷ್ಣಮೂರ್ತಿ ಎಂದರೆ ನನ್ನ ಕಬಡ್ಡಿ ಹುಡುಗಿಯರಿಗೆ ಸಿಕ್ಸರ್ ನೆನಪಾಗುತ್ತದೆ. ಅಜ್ಜಂಪುರದಲ್ಲಿ ಪಿ.ಟಿ. ಟೀಚರ್ ಆಗಿರುವ ನಾನು ಅವರ ಕಥೆಯನ್ನು ಕರಾಟೆಯಿಂದ ಶುರು ಮಾಡುತ್ತೇನೆ. 3ನೇ ವಯಸ್ಸಿಗೆ ಕರಾಟೆ, 12ಕ್ಕೆ ಬ್ಲ್ಯಾಕ್ ಬೆಲ್ಟ್. ಮನಸ್ಸು ಮಾತ್ರ ಕ್ರಿಕೆಟ್ಟಿನಲ್ಲಿತ್ತು, ಮನೆಯವರು ಅದಕ್ಕೂ ಜೊತೆ ನಿಂತರು. 2011ರಲ್ಲಿ ಡರ್ಬಿಯಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಏಕದಿನ ಪಂದ್ಯದಲ್ಲೇ 51 ರನ್. ಅದೇ ಮೈದಾನದಲ್ಲಿ 2017ರ ವಿಶ್ವಕಪ್‌ನಲ್ಲಿ, ಗೆಲ್ಲಲೇಬೇಕಿದ್ದ ಪಂದ್ಯದಲ್ಲಿ, ನ್ಯೂಜಿಲೆಂಡ್ ಎದುರು 45 ಎಸೆತಕ್ಕೆ 70.

2021ರಲ್ಲಿ ಕೋವಿಡ್ ಎರಡು ವಾರದ ಅಂತರದಲ್ಲಿ ಅವರ ತಾಯಿಯನ್ನೂ ಅಕ್ಕನನ್ನೂ ಕಸಿದುಕೊಂಡಿತು. ತಂಡಕ್ಕೆ ಆರಿಸದಿದ್ದರೆ ಹೋಗಲಿ, ಭಾರತದ ಕ್ರಿಕೆಟ್ ಮಂಡಳಿ ಒಂದು ಫೋನ್ ಮಾಡಿ ಹೇಗಿದ್ದೀಯ ಎಂದು ಕೇಳಬಾರದೆ ಎಂಬುದು ಆಗ ಆಸ್ಟ್ರೇಲಿಯಾದ ಮಾಜಿ ನಾಯಕಿ ಲಿಸಾ ಸ್ಥಳೇಕರ್ ಅವರ ಸಿಟ್ಟಾಗಿತ್ತು. ವೇದಾ ಮತ್ತೆ ಕರ್ನಾಟಕಕ್ಕೆ ಆಡಿದರು. 2024ರಲ್ಲಿ ಗುಜರಾತ್ ಜೈಂಟ್ಸ್ ಪರ ಮಹಿಳಾ ಪ್ರೀಮಿಯರ್ ಲೀಗ್ (ಡಬ್ಲ್ಯುಪಿಎಲ್) ಆಡಿದರು. ಭಾರತ ತಂಡದಲ್ಲಿ ಮತ್ತೆ ಜಾಗ ಸಿಗಲಿಲ್ಲ, ನಿಜ. ಆದರೆ 2025ರ ಜುಲೈನಲ್ಲಿ ವಿದಾಯ ಹೇಳಿದ್ದು ತಾವೇ ಆರಿಸಿದ ಹೊತ್ತಿಗೆ. ನಾನು ಕೈಮುಗಿಯುವುದು ಇದಕ್ಕೆ.

ನಮ್ಮ ಹುಡುಗಿಯರಿಗೆ ಆ ಆಯ್ಕೆಯೇ ಇರುವುದಿಲ್ಲ. ತರೀಕೆರೆಯ ಪಂದ್ಯವೊಂದರಲ್ಲಿ ನಮ್ಮ ರೈಡರ್ ಒಬ್ಬಳ ಮಂಡಿ ತಿರುಚಿತು. ಲಿಗಮೆಂಟ್ ಹರಿದಿದೆ ಎಂದು ತಿಳಿಯಲು ಶಿವಮೊಗ್ಗಕ್ಕೇ ಹೋಗಬೇಕಾಯಿತು. "ನಾಳೆ ಮದುವೆಯಾಗೋ ಹುಡುಗಿ, ಕಾಲು ಊನವಾದ್ರೆ ಯಾರು ಟೀಚರ್ ನೋಡ್ಕೊಳ್ಳೋರು? ಆಟ ಸಾಕು" ಎಂದರು ಅವಳಮ್ಮ. ಆ ಭಯ ಸುಳ್ಳಲ್ಲ. ಆದರೆ ಪೆಟ್ಟಿನಿಂದ ಎದ್ದು ಬಂದವರೂ ಇದ್ದಾರೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಮಂಡಿಗೆ ಪೆಟ್ಟಾಗಿ ಸ್ಟ್ರೆಚರ್ ಮೇಲೆ ಹೋದ ವಿನೇಶ್ ಫೋಗಟ್, 2018ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ಭಾರತದ ಮೊದಲ ಮಹಿಳಾ ಕುಸ್ತಿಪಟುವಾದರು. ಅದು ಬರೀ ಛಲದಿಂದ ಆದದ್ದಲ್ಲ. ಶಸ್ತ್ರಚಿಕಿತ್ಸೆ ಬೇಕಾಯಿತು, ತಿಂಗಳುಗಟ್ಟಲೆ ವ್ಯಾಯಾಮ ಬೇಕಾಯಿತು, ನೋಡಿಕೊಳ್ಳುವವರು ಬೇಕಾಯಿತು.

ಆದ್ದರಿಂದ ಛಲದ ಭಾಷಣ ಸಾಕು. ಕಡೂರು, ತರೀಕೆರೆ, ಅಜ್ಜಂಪುರದ ಸರ್ಕಾರಿ ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನವಾದರೂ ಕ್ರೀಡಾಪಟುಗಳನ್ನು ನೋಡುವ ಫಿಸಿಯೊಥೆರಪಿಸ್ಟ್ ಇರಲಿ. ಪೆಟ್ಟಾದ ಮಗುವಿನ ಚಿಕಿತ್ಸೆಯ ಖರ್ಚಿಗೆ ಕ್ರೀಡಾಕೂಟದ ಹಣದಲ್ಲೇ ಒಂದು ಪಾಲು ಇಡಲಿ. ಆಡಲಾಗದ ತಿಂಗಳುಗಳಲ್ಲೂ ಅವಳನ್ನು ಮೈದಾನಕ್ಕೆ ಕರೆಯೋಣ. ಅಂಕ ಬರೆಯಲಿ, ಚಿಕ್ಕವರಿಗೆ ಹೇಳಿಕೊಡಲಿ. ಮನೆಯಲ್ಲಿ ಸಾವಾಗಿದ್ದರೆ ಟೀಚರುಗಳಾದ ನಾವೇ ಹೋಗಿ ಮಾತಾಡಿಸೋಣ. ಇಷ್ಟಾದ ಮೇಲೂ ಆಟ ಬೇಡ ಎಂದರೆ ಬಿಡಲಿ. ಆ ಮಾತು ಅವಳ ಬಾಯಿಂದ ಬರಬೇಕು, ನಮ್ಮ ಕೊರತೆಯಿಂದ ಅಲ್ಲ.