ಕವರ್ ನಿಲ್ಲುವ ಹುಡುಗನಿಗೂ ಒಂದು ಕಾಲಂ ಬೇಕು



ಈ ಸಲ ಪಠ್ಯಪುಸ್ತಕ ತಡವಾಗಿದ್ದು, ಶಿಕ್ಷಕರು ಸಾಲದಿದ್ದು, ಮಕ್ಕಳ ಕಾಗುಣಿತ ಯಾವುದೂ ಇಲ್ಲ. ಕಬಡ್ಡಿ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಅದರಲ್ಲೂ ಕಬಡ್ಡಿಯಲ್ಲಿ ಯಾರ ಕಣ್ಣಿಗೂ ಬೀಳದ ಒಂದು ಕೆಲಸದ ಬಗ್ಗೆ.

ಗೋವಾ ಅಂದರೆ ಫುಟ್‌ಬಾಲ್ ಅಂತ ಎಲ್ಲರಿಗೂ ಗೊತ್ತು. ಸಂಜೆಯಾದರೆ ಇಲ್ಲಿ ಯಾವ ಮೈದಾನ ನೋಡಿದರೂ ಗೋಲ್ ಕಂಬ, ಚೆಂಡು. ಆದರೆ ನಮ್ಮ ಕನ್ನಡ ಶಾಲೆಗಳ ಮಕ್ಕಳು ಬಾಗಲಕೋಟೆ, ಗದಗ, ಕೊಪ್ಪಳ, ವಿಜಯಪುರದ ಕಡೆಯಿಂದ ಬಂದವರ ಮಕ್ಕಳು. ಅಪ್ಪ ಬೇತೋಡಾದ ಕಾರ್ಖಾನೆಯಲ್ಲೋ, ಕಟ್ಟಡದ ಕೆಲಸದಲ್ಲೋ ಇರುತ್ತಾನೆ. ಅವ್ವ ಮಾರ್ಕೆಟ್ಟಿನಲ್ಲಿ ತರಕಾರಿ ಬುಟ್ಟಿ ಇಟ್ಟುಕೊಂಡಿರುತ್ತಾಳೆ. ಫುಟ್‌ಬಾಲ್‌ಗೆ ಬೂಟು ಬೇಕು, ಕಬಡ್ಡಿಗೆ ಒಂದು ಸುಣ್ಣದ ಗೆರೆ ಸಾಕು. ಹಾಗಾಗಿ ನಮ್ಮ ಅಂಗಳದಲ್ಲಿ ಕಬಡ್ಡಿಯೇ ರಾಜ. ಕೆಲವು ಹಿರಿಯರು ಇನ್ನೂ ಹುತುತು ಅಂತಲೇ ಕರೆಯುತ್ತಾರೆ, ಇರಲಿ.

ಈಗ ವಿಷಯಕ್ಕೆ ಬರುತ್ತೇನೆ. ಶಾಲಾ ಪಂದ್ಯಗಳಲ್ಲಿ ಕೊನೆಗೆ ಮೂರು ಬಹುಮಾನ ಇರುತ್ತವೆ: ಬೆಸ್ಟ್ ರೈಡರ್, ಬೆಸ್ಟ್ ಕ್ಯಾಚರ್, ಬೆಸ್ಟ್ ಆಲ್‌ರೌಂಡರ್. ಈ ಕ್ಯಾಚರ್ ಬಹುಮಾನ ಹೆಚ್ಚಿನ ಸಲ ಹೋಗುವುದು ಕಾರ್ನರ್ ಆಟಗಾರನಿಗೆ, ಅಂದರೆ ಮೂಲೆಯಲ್ಲಿ ನಿಂತು ರೈಡರ್‌ನ ಪಾದಕ್ಕೆ ಕೈ ಹಾಕುವವನಿಗೆ. ಅವನ ಹಿಡಿತ ಎಲ್ಲರಿಗೂ ಕಾಣುತ್ತದೆ, ಚಪ್ಪಾಳೆಯೂ ಅವನಿಗೇ. ಅವನು ಹಿಡಿದ ಮರುಕ್ಷಣ ಓಡಿ ಬಂದು ರೈಡರ್‌ನ ಎದೆಗೆ ಎದೆ ಕೊಟ್ಟು ನಿಲ್ಲಿಸಿದ ಇನ್ನೊಬ್ಬ ಹುಡುಗ ಇರುತ್ತಾನಲ್ಲ, ಅವನ ಹೆಸರು ಎಲ್ಲೂ ಬರುವುದಿಲ್ಲ. ಸ್ಕೋರ್ ಪುಸ್ತಕದಲ್ಲಿ ಅವನಿಗೆ ಜಾಗವೇ ಇಲ್ಲ.

ಪರಿಣಾಮ ಏನು? ಜೂನ್‌ನಲ್ಲಿ ತಂಡ ಕಟ್ಟಲು ಕೂತರೆ ಕವರ್ ಜಾಗಕ್ಕೆ ಯಾರೂ ಬರುವುದಿಲ್ಲ. "ಸರ್ರ, ನಾ ಕವರ್ ನಿಂದ್ರಂಗಿಲ್ರಿ, ಕಾರ್ನರ್ ಕೊಡ್ರಿ" ಅನ್ನುವ ಮಾತು ನಾನು ಪ್ರತಿ ವರ್ಷ ಕೇಳುತ್ತೇನೆ. ಯಾಕಪ್ಪಾ ಅಂದರೆ "ಅಲ್ಲಿ ನಿಂತ್ರ ಏನೂ ಸಿಗಂಗಿಲ್ರಿ". ಹನ್ನೆರಡು ವರ್ಷದ ಹುಡುಗನ ಲೆಕ್ಕ ಎಷ್ಟು ಸರಿಯಾಗಿದೆ ನೋಡಿ!

ಕವರ್ ಅಂದರೆ ಏನು ಅಂತ ಗೊತ್ತಿಲ್ಲದ ತಾಯಂದಿರೂ ಇದನ್ನು ಓದುತ್ತೀರಿ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಏಳು ಜನ ಅರ್ಧಚಂದ್ರದ ಹಾಗೆ ನಿಲ್ಲುತ್ತಾರೆ. ಎರಡು ತುದಿಗೆ ಇಬ್ಬರು ಕಾರ್ನರ್. ಅವರ ಕೈ ಹಿಡಿದು ಒಳಗಡೆ ಇಬ್ಬರು, ಇವರಿಗೆ ಇನ್ ಅನ್ನುತ್ತಾರೆ. ಮಧ್ಯದಲ್ಲಿ ಎಡ ಕವರ್, ಬಲ ಕವರ್, ಸೆಂಟರ್. ಇಬ್ಬಿಬ್ಬರು ಕೈ ಹಿಡಿದುಕೊಳ್ಳುವುದು ಚೆಂದಕ್ಕಲ್ಲ, ಒಬ್ಬ ಮುಂದೆ ನುಗ್ಗಿದರೆ ಇನ್ನೊಬ್ಬನಿಗೆ ಕೈಯಲ್ಲೇ ಗೊತ್ತಾಗಬೇಕು ಅಂತ. ರೈಡರ್ ಒಳಗೆ ಬಂದು ಮೂಲೆಯವನನ್ನು ಮುಟ್ಟಲು ಕಾಲು ಚಾಚುತ್ತಾನೆ. ಕಾರ್ನರ್ ಹುಡುಗ ಪಾದ ಹಿಡಿಯುತ್ತಾನೆ. ಇಲ್ಲಿಗೆ ಕೆಲಸ ಮುಗಿಯಿತೇ? ಇಲ್ಲ! ರೈಡರ್‌ಗೆ ಇನ್ನೊಂದು ಕಾಲಿದೆ, ಎರಡು ಕೈ ಇವೆ. ಗಂಡಸರ ಅಂಕಣದಲ್ಲಿ ಬಾಕ್ ಗೆರೆಯಿಂದ ಮಧ್ಯದ ಗೆರೆಗೆ 3.75 ಮೀಟರ್ ಅಷ್ಟೇ. ಮಕ್ಕಳ ಅಂಕಣ ಇನ್ನೂ ಸಣ್ಣದು. ಗಟ್ಟಿ ರೈಡರ್ ಮುಂದಕ್ಕೆ ಬಿದ್ದು ಕೈ ಚಾಚಿದರೆ ಬೆರಳ ತುದಿ ಗೆರೆ ದಾಟಿದರೂ ಸಾಕು, ಅವನು ಬದುಕಿದ, ಹಿಡಿದವನು ಔಟ್.

ಆ ದಾರಿಗೆ ಅಡ್ಡ ಬರುವವನೇ ಕವರ್. ರೈಡರ್‌ಗೂ ಮಧ್ಯದ ಗೆರೆಗೂ ನಡುವೆ ತನ್ನ ಮೈ ಇಡಬೇಕು. ಇದಕ್ಕೆ ಬ್ಲಾಕ್ ಅನ್ನುತ್ತಾರೆ. ಓಡಿ ಬಂದು ಭುಜದಿಂದ ಗುದ್ದಿ ಅಂಕಣದ ಹೊರಗೆ ತಳ್ಳಿದರೆ ಅದು ಡ್ಯಾಶ್. ಬ್ಲಾಕ್ ಮಾಡುವವನು ಗುದ್ದುವುದಿಲ್ಲ, ಬಾಗಿಲು ಹಾಕುತ್ತಾನೆ.

ಇಷ್ಟೇ ಆಗಿದ್ದರೆ ಅದು ಬರೀ ಧೈರ್ಯದ ಕೆಲಸ ಅನ್ನಬಹುದಿತ್ತು. ನಿಜವಾದ ಕಷ್ಟ ಲೆಕ್ಕದಲ್ಲಿದೆ. ರೈಡರ್ ಗೆರೆ ದಾಟಿದರೆ ಅವನನ್ನು ಮುಟ್ಟಿದವರೆಲ್ಲ ಔಟ್. ಕಾರ್ನರ್ ಒಬ್ಬನೇ ಹಿಡಿದು ಸೋತರೆ ಹೋಗುವುದು ಒಂದು ಅಂಕ. ಕವರ್ ಮತ್ತು ಸೆಂಟರ್ ತಡವಾಗಿ ಮೇಲೆ ಬಿದ್ದು ಆಮೇಲೆ ಅವನು ದಾಟಿದರೆ ಮೂರು ಅಂಕ, ಮೂರು ಹುಡುಗರು ಹೊರಗೆ. ಹಾಗಾದರೆ ಕವರ್ ಹುಡುಗ ಹೋಗಬೇಕೋ ಬೇಡವೋ? ಹಿಡಿತ ಗಟ್ಟಿಯಿದೆಯೋ, ರೈಡರ್ ಯಾವ ಕಡೆ ವಾಲಿದ್ದಾನೆ, ಪಕ್ಕದವನು ಹೊರಟನೋ ಇಲ್ಲವೋ... ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ನೋಡಿ ತೀರ್ಮಾನಿಸಬೇಕು. ಕೆಲವು ಸಲ ಹೋಗದೇ ನಿಂತಿದ್ದೇ ಅವನ ದೊಡ್ಡ ಆಟ. ಹೋಗದೇ ಇದ್ದದ್ದಕ್ಕೆ ಚಪ್ಪಾಳೆ ತಟ್ಟುವವರು ಯಾರು, ಹೇಳಿ?

ಇದನ್ನೇ ಯೋಚಿಸುತ್ತಿದ್ದಾಗ ಅಮೆರಿಕದವರ ಫುಟ್‌ಬಾಲ್ ನೆನಪಾಯಿತು. ಅದೇ, ಹೆಲ್ಮೆಟ್ ಹಾಕಿಕೊಂಡು ಮೊಟ್ಟೆಯಾಕಾರದ ಚೆಂಡು ಹಿಡಿದು ಆಡುವ ಆಟ. ನಮ್ಮ ಮಕ್ಕಳಿಗೆ ವಿಡಿಯೋ ತೋರಿಸಿದರೆ "ಸರ್ರ, ಇದು ಕಬಡ್ಡೀನ ಐತ್ರಿ, ಚೆಂಡ ಒಂದ ಹೆಚ್ಚಿಗಿ" ಅಂದರು. ಅಷ್ಟು ಸುಳ್ಳೇನಲ್ಲ. ಅಲ್ಲಿ ಕ್ವಾರ್ಟರ್‌ಬ್ಯಾಕ್ ಅನ್ನುವವನು ಚೆಂಡು ಎಸೆಯುವವನು, ಮದುಮಗನ ಹಾಗೆ ಎಲ್ಲರೂ ಅವನನ್ನು ಕಾಯಬೇಕು. ಮುಂದೆ ಐದು ಜನ ದೈತ್ಯರು ಗೋಡೆಯಾಗಿ ನಿಲ್ಲುತ್ತಾರೆ. ಎದುರಿನವರು ಐದಕ್ಕಿಂತ ಹೆಚ್ಚು ಜನ ಒಟ್ಟಿಗೆ ನುಗ್ಗಿದರೆ, ಅದಕ್ಕೆ ಬ್ಲಿಟ್ಜ್ ಅನ್ನುತ್ತಾರೆ, ಗೋಡೆ ಸಾಲುವುದಿಲ್ಲ. ಆಗ ಪಕ್ಕದಲ್ಲಿ ನಿಂತ ರನ್ನಿಂಗ್ ಬ್ಯಾಕ್ ಎದೆ ಕೊಡಬೇಕು. ಅವನ ಹೆಸರೇ ಓಡುವವನು ಅಂತ, ಚೆಂಡು ಹಿಡಿದು ಓಡಿ ಹೆಸರು ಮಾಡಬೇಕಾದವನು. ಆದರೆ ಇಂಥ ಹೊತ್ತಿನಲ್ಲಿ ಓಟ ಬಿಟ್ಟು, ತನಗಿಂತ ತೂಕದವನ ಎದುರು ಮೊಣಕಾಲು ಬಗ್ಗಿಸಿ, ಎರಡೂ ಅಂಗೈ ಅವನ ಎದೆಗೆ ಕೊಟ್ಟು ತಡೆಯಬೇಕು. ಇಬ್ಬರು ಬಂದರೆ ಒಳಗಡೆಯಿಂದ ಬರುವವನನ್ನು ಮೊದಲು ಹಿಡಿ, ಹೊರಗಿನವನಿಗೆ ದಾರಿ ದೂರ ಅಂತ ಕಲಿಸುತ್ತಾರೆ. ಯಾರೂ ನುಗ್ಗದಿದ್ದರೆ ಸುಮ್ಮನೆ ನಿಲ್ಲುವ ಹಾಗಿಲ್ಲ, ತಾನೇ ಚೆಂಡು ಹಿಡಿಯಲು ಹೊರಗೆ ಓಡಬೇಕು. ಮೊದಲು ನೋಡು, ಆಮೇಲೆ ಹೋಗು. ನಮ್ಮ ಕವರ್ ಹುಡುಗನ ಪಾಠವೇ!

ಅಲ್ಲಿ ಎಷ್ಟೇ ಚೆನ್ನಾಗಿ ಓಡಲಿ, ಈ ತಡೆಯುವ ಕೆಲಸ ಬಾರದ ಹೊಸ ಹುಡುಗನನ್ನು ಎಸೆತದ ಹೊತ್ತಿಗೆ ಹೊರಗೆ ಕೂರಿಸುತ್ತಾರೆ. ಷಿಕಾಗೋ ತಂಡದಲ್ಲಿ 1975ರಿಂದ 1987ರವರೆಗೆ ಆಡಿದ ವಾಲ್ಟರ್ ಪೇಟನ್ 16,726 ಗಜ ಓಡಿದವನು, ಬಹಳ ವರ್ಷ ಅದೇ ದಾಖಲೆ. ಅಂಥವನನ್ನೂ ಬಲ್ಲವರು ಹೊಗಳುವಾಗ ಅವನ ಬ್ಲಾಕಿಂಗ್ ಬಗ್ಗೆ ತಪ್ಪದೇ ಹೇಳುತ್ತಾರೆ.

ಇನ್ನೊಂದು ಸಂಗತಿ. 1985ರ ನವೆಂಬರ್‌ನಲ್ಲಿ ವಾಷಿಂಗ್ಟನ್ ತಂಡದ ಕ್ವಾರ್ಟರ್‌ಬ್ಯಾಕ್ ಜೋ ಥೈಸ್ಮನ್‌ನ ಕಾಲು ಲಾರೆನ್ಸ್ ಟೇಲರ್‌ನ ಹಿಡಿತದಲ್ಲಿ ಮುರಿಯಿತು. ಅವನು ಮತ್ತೆ ಆಡಲೇ ಇಲ್ಲ. ಮೈಕಲ್ ಲೂಯಿಸ್ ಅನ್ನುವ ಲೇಖಕ 2006ರಲ್ಲಿ ಬರೆದ 'ದಿ ಬ್ಲೈಂಡ್ ಸೈಡ್' ಪುಸ್ತಕ ಶುರುವಾಗುವುದೇ ಈ ಘಟನೆಯಿಂದ. ಬಲಗೈಯಿಂದ ಎಸೆಯುವವನ ಬೆನ್ನು ಕಾಯುವವನು ಎಡ ತುದಿಯ ದೈತ್ಯ. ಯಾರಿಗೂ ಹೆಸರು ಗೊತ್ತಿರದಿದ್ದ ಆ ಜಾಗದವನಿಗೆ ಮುಂದೆ ಕ್ವಾರ್ಟರ್‌ಬ್ಯಾಕ್ ಬಿಟ್ಟರೆ ಅತಿ ಹೆಚ್ಚಿನ ಸಂಬಳ ಬಂದದ್ದು ಹೇಗೆ ಅಂತ ಅವರು ವಿವರಿಸುತ್ತಾರೆ. ಅವನು ಹೊಸದಾಗಿ ಏನೂ ಮಾಡಲಿಲ್ಲ, ಮೊದಲೂ ಅದೇ ಕೆಲಸ ಮಾಡುತ್ತಿದ್ದ. ಅದನ್ನು ನೋಡಿ ಬೆಲೆ ಕಟ್ಟುವವರು ಬಂದರು, ಅಷ್ಟೇ.

ನಮ್ಮಲ್ಲಿ? ಟಿವಿಯಲ್ಲಿ ಬರುವ ಪ್ರೊ ಕಬಡ್ಡಿಯಲ್ಲೂ ಟ್ಯಾಕಲ್ ಅಂಕ ಬರೆಯುವುದು ಒಬ್ಬನ ಹೆಸರಿಗೆ. ಐದು ಅಂಕ ಆದರೆ ಹೈ ಫೈವ್ ಅಂತ ಸಂಭ್ರಮ. ಜೊತೆಗೆ ಬಿದ್ದ ಮೂವರ ಲೆಕ್ಕ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ಆದರೆ ಗೆಲ್ಲುವ ತಂಡಗಳನ್ನು ನೋಡಿ. 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಇರಾನ್ ನಮ್ಮನ್ನು ಸೆಮಿಫೈನಲ್‌ನಲ್ಲಿ 27-18ರಿಂದ ಸೋಲಿಸಿತು. 1990ರಿಂದ ಒಮ್ಮೆಯೂ ತಪ್ಪದ ಚಿನ್ನ ತಪ್ಪಿತು. ಫಜಲ್ ಅತ್ರಾಚಲಿಯ ಮೂಲೆಯ ಹಿಡಿತವನ್ನು ಎಲ್ಲರೂ ಹೊಗಳಿದರು. ನನಗೆ ಇಷ್ಟವಾಗಿದ್ದು ಅವನು ಹಿಡಿದಾಗ ಉಳಿದವರು ಬೀಳುತ್ತಿದ್ದ ಹೊತ್ತು. ನಮ್ಮ ಕರ್ನಾಟಕದ ಬಿ.ಸಿ. ರಮೇಶ್ ತರಬೇತಿ ಕೊಟ್ಟ ಪುಣೇರಿ ಪಲ್ಟನ್ 2024ರ ಮಾರ್ಚ್‌ನಲ್ಲಿ 28-25ರಿಂದ ಫೈನಲ್ ಗೆದ್ದಿತು. ಆ ತಂಡದ ಪಂದ್ಯ ಸಿಕ್ಕರೆ ಮಕ್ಕಳಿಗೆ ತೋರಿಸಿ, ಮಧ್ಯದಲ್ಲಿ ನಿಂತವರನ್ನೇ ನೋಡಲು ಹೇಳಿ. ಹೆಣ್ಣುಮಕ್ಕಳಿಗೆ ಕಾರ್ಕಳ ಕಡೆಯ ಮಮತಾ ಪೂಜಾರಿಯವರ ಹೆಸರು ಹೇಳಿ. 2010 ಮತ್ತು 2014ರ ಏಷ್ಯನ್ ಗೇಮ್ಸ್ ಚಿನ್ನದ ತಂಡಗಳಲ್ಲಿದ್ದವರು.

ಇಲ್ಲಿ ಪಾಲಕರು ಕೇಳಬೇಕಾದ ಒಂದು ಮಾತಿದೆ. ಕಬಡ್ಡಿಯಲ್ಲಿ ತಪ್ಪಾಗಿ ಕಲಿಸಿದರೆ ಬಹಳ ಅಪಾಯದ ಕೆಲಸ ಈ ಬ್ಲಾಕೇ. ತಲೆ ತಗ್ಗಿಸಿ ನುಗ್ಗಿದ ಹುಡುಗನ ಕತ್ತಿಗೆ ಏಟು ಬೀಳುತ್ತದೆ. ನಮ್ಮದು ಮ್ಯಾಟ್ ಅಲ್ಲ, ಕೆಂಪು ಮುರಕಲ್ಲಿನ ನೆಲ. ಬೇಸಿಗೆಯಲ್ಲಿ ಸಿಮೆಂಟಿನ ಹಾಗೆ, ಮಳೆಗಾಲದಲ್ಲಿ ಸಾಬೂನಿನ ಹಾಗೆ. ಹಾಗಾಗಿ ನಾನು ಮೊದಲ ಎರಡು ವಾರ ನಡೆಯುತ್ತಲೇ ಕಲಿಸುತ್ತೇನೆ. ತಲೆ ಮೇಲೆ, ಕಣ್ಣು ರೈಡರ್‌ನ ಸೊಂಟದ ಮೇಲೆ, ತಲೆ ಅವನ ಪಕ್ಕೆಯ ಹೊರಗಡೆ ಬರಬೇಕು, ಕಾಲು ಅಗಲ, ಮೊಣಕಾಲು ಬಗ್ಗಿಸಿ. ಕುತ್ತಿಗೆಗೆ ಕೈ ಹಾಕುವ ಹಾಗಿಲ್ಲ, ಬಾಯಿ ಮುಚ್ಚುವ ಹಾಗಿಲ್ಲ, ಕಾಲಿನಿಂದ ಕತ್ತರಿ ಹಾಕುವ ಹಾಗಿಲ್ಲ, ಇವು ನಿಯಮದಲ್ಲೇ ತಪ್ಪು. ಆಮೇಲೆ ಅರ್ಧ ವೇಗ. ಸಮ ತೂಕದವರನ್ನೇ ಜೋಡಿ ಮಾಡುತ್ತೇನೆ. ಪೂರ್ತಿ ವೇಗ ಕೊನೆಗೆ, ಅದೂ ಮಣ್ಣು ಸಡಿಲ ಮಾಡಿದ ಜಾಗದಲ್ಲಿ. "ಹುಡುಗರು ತಾವೇ ಕಲಿತುಕೊಳ್ತಾರೆ ಬಿಡಿ ಸರ್" ಅನ್ನುವವರಿದ್ದಾರೆ. ರೈಡ್ ತಾವೇ ಕಲಿಯಬಹುದು. ಬ್ಲಾಕ್ ತಾವೇ ಕಲಿಯಲು ಬಿಟ್ಟರೆ ಕಾಲರ್‌ಬೋನ್ ಮುರಿದುಕೊಂಡು ಬರುತ್ತಾರೆ. ಬಹುಮಾನವಿಲ್ಲದ ಕೆಲಸವನ್ನು ಯಾರೂ ಕೂತು ಕಲಿಸುವುದಿಲ್ಲ, ನನ್ನ ತಕರಾರಿನ ದೊಡ್ಡ ಭಾಗ ಇದೇ.

ಮಾತಿನ ಒಂದು ತಮಾಷೆ ಹೇಳಿಬಿಡುತ್ತೇನೆ. ಕವರ್‌ಗೆ ಕೂಗು ಬೇಕು, ಒಂದೇ ಮಾತಿನದು. ನಮ್ಮಲ್ಲಿ 'ಹಿಡಿ', 'ಬಿಡು'. ಊರಿನ ಹುಡುಗರ ಜೊತೆ ಕೂಡಿ ಆಡುವಾಗ ಕೊಂಕಣಿಯ 'ಧರ್', 'ಸೋಡ್' ಬರುತ್ತದೆ. ಒಬ್ಬ 'ಬಿಡು' ಅಂದಾಗ ಇನ್ನೊಬ್ಬ ಅರ್ಥವಾಗದೆ ಹಿಡಿದೇ ಇರುವುದು, ಮೂರು ಅಂಕ ಹೋಗುವುದು ಇದ್ದದ್ದೇ. ಈಗ ನಮ್ಮ ಮಕ್ಕಳೇ 'ಧರ್-ಬಿಡು' ಅಂತ ಒಂದು ಮಿಶ್ರ ಭಾಷೆ ಮಾಡಿಕೊಂಡಿದ್ದಾರೆ. 'ಧರ್' ದೂರಕ್ಕೆ ಕೇಳಿಸುತ್ತದಂತೆ. ಕನ್ನಡ ಮಾಸ್ತರನಾಗಿ ಇದಕ್ಕೆ ನನ್ನ ಆಕ್ಷೇಪವಿಲ್ಲ.

ಇನ್ನೊಂದು ಕಷ್ಟ ನಮ್ಮಂಥ ಶಾಲೆಗಳಿಗೇ ವಿಶೇಷ. ಕಾರ್ನರ್ ಮತ್ತು ಕವರ್ ಒಬ್ಬರನ್ನೊಬ್ಬರು ಅರಿಯಲು ತಿಂಗಳುಗಟ್ಟಲೆ ಬೇಕು. ಊರಲ್ಲಿ ಬಿತ್ತನೆ ಅಂತ, ಗುತ್ತಿಗೆ ಮುಗಿಯಿತು ಅಂತ ಮನೆಯವರು ಅನಮೋಡ ಘಾಟು ಹತ್ತಿ ಹೊರಟುಬಿಡುತ್ತಾರೆ, ಹುಡುಗನೂ ಅವರ ಜೊತೆ. ರೈಡರ್ ಹೋದರೆ ಇನ್ನೊಬ್ಬ ರೈಡರ್ ಸಿಗುತ್ತಾನೆ. ಕವರ್ ಹೋದರೆ ಒಂದು ಜೋಡಿಯೇ ಮುರಿಯುತ್ತದೆ. ಒಬ್ಬ ತಾಯಿ ಪಂದ್ಯದ ಮರುದಿನ ಮಾರ್ಕೆಟ್ಟಿನಲ್ಲಿ ಕೇಳಿದಳು, "ಮಾಸ್ತರ್ರ, ನಮ್ಮ ಹುಡುಗ ಆಡಿದ್ನೋ ಇಲ್ಲೋ? ಹೆಸರs ಕರೀಲಿಲ್ಲಂತ ಅಳಾಕತ್ತಿದ್ದ". ಅವನು ಆಡಿದ್ದ ತಾಯಿ, ಆ ದಿನ ಐದು ಸಲ ಬಾಗಿಲು ಹಾಕಿದ್ದ. ತೋರಿಸಲು ಒಂದು ಚೂರು ಕಾಗದವೂ ನನ್ನ ಹತ್ತಿರ ಇರಲಿಲ್ಲ. ಶಾಲೆ ಬಿಟ್ಟು ಊರಿಗೆ ಹೋಗುವ ಮಗು ಟಿ.ಸಿ. ಜೊತೆ ಇಂಥದ್ದೊಂದು ಲೆಕ್ಕವನ್ನೂ ತೆಗೆದುಕೊಂಡು ಹೋದರೆ ಹೊಸ ಶಾಲೆಯ ಮಾಸ್ತರಿಗೆ ಅವನನ್ನು ಎಲ್ಲಿ ನಿಲ್ಲಿಸಬೇಕು ಅಂತಾದರೂ ತಿಳಿಯುತ್ತದೆ.

ನನ್ನ ಬೇಡಿಕೆ ಸಣ್ಣದು. ಸ್ಕೋರ್ ಪುಸ್ತಕದಲ್ಲಿ ಇನ್ನೊಂದು ಕಾಲಂ. ಹೆಸರು 'ಜೊತೆ' ಅಂತಿರಲಿ. ಹೊತ್ತಿಗೆ ಸರಿಯಾಗಿ ಬಂದು ನಿಲ್ಲಿಸಿದರೆ ಒಂದು ಗೆರೆ, ಹೋಗಬಾರದು ಅಂತ ತಿಳಿದು ನಿಂತರೆ ಒಂದು ಸೊನ್ನೆ, ಸುಮ್ಮನೆ ಮೇಲೆ ಬಿದ್ದು ಔಟಾದರೆ ಒಂದು ಗುಣಾಕಾರ ಚಿಹ್ನೆ. ಇದನ್ನೆಲ್ಲ ಬರೆಯುವವರು ಯಾರು ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. ತಂಡದಲ್ಲಿ ಜಾಗ ಸಿಗದ ಏಳನೇ ಇಯತ್ತೆಯ ಮಕ್ಕಳಿದ್ದಾರಲ್ಲ, ನನಗಿಂತ ಚೆನ್ನಾಗಿ ಆಟ ನೋಡುತ್ತಾರೆ. ಕಪ್‌ಗೆ ದುಡ್ಡು ಎಲ್ಲಿಂದ ಅಂದರು. ಕಪ್ ಬೇಡ, ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಹೆಸರು ಓದಿದರೆ ಸಾಕು. ಎಲ್ಲದಕ್ಕೂ ಲೆಕ್ಕ ಇಟ್ಟರೆ ಮಕ್ಕಳು ಲೆಕ್ಕಕ್ಕಾಗಿಯೇ ಆಡುತ್ತಾರೆ ಅಂತ ಅವರ ಮೂರನೇ ಆಕ್ಷೇಪ. ಇದರಲ್ಲಿ ಹುರುಳಿದೆ, ಒಪ್ಪುತ್ತೇನೆ. ಆದರೆ ರೈಡರ್ ಈಗಾಗಲೇ ಲೆಕ್ಕಕ್ಕಾಗಿಯೇ ಆಡುತ್ತಿದ್ದಾನೆ. ಅವನ ಲೆಕ್ಕ ಇಟ್ಟು ಇವನದು ಮಾತ್ರ ಬಿಡುವುದು ಯಾವ ನ್ಯಾಯ?

ಎರಡು ನೂರು ಪುಟದ ಒಂದು ನೋಟ್‌ಬುಕ್ಕಿಗೆ ಗೆರೆ ಹಾಕಿ, ಕಾಕಿ ಹೊದಿಕೆ ಹಾಕಿ ಇಟ್ಟಿದ್ದೇನೆ. ಕಾಸರಗೋಡು, ಜತ್ತ, ಅಕ್ಕಲಕೋಟೆ ಕಡೆಯ ಶಿಕ್ಷಕ ಮಿತ್ರರೇ, ನಿಮ್ಮಲ್ಲಿ ಯಾರಾದರೂ ಮೊದಲೇ ಹೀಗೆ ಬರೆದಿಡುತ್ತಿದ್ದರೆ ಅದರ ಒಂದು ಪುಟ ಕಳಿಸಿಕೊಡಿ. ಸೆಂಟರ್ ನಿಂತವನನ್ನು ಕವರ್ ಲೆಕ್ಕದಲ್ಲೇ ಸೇರಿಸಬೇಕೋ, ಬೇರೆ ಬರೆಯಬೇಕೋ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.