ಮಂಡೆಬಿಸಿಗೆ ನಂಬರು ಯಾವುದು?

2019ರ ಜುಲೈ 29ರ ಸಂಜೆ ಉದ್ಯಮಿ ವಿ.ಜಿ. ಸಿದ್ಧಾರ್ಥ ಅವರು ಉಳ್ಳಾಲದ ನೇತ್ರಾವತಿ ಸೇತುವೆಯ ಬಳಿ ಕಾಣೆಯಾದರು. ಎರಡು ದಿನಗಳ ಬಳಿಕ ಅವರ ದೇಹ ಸಿಕ್ಕಿತು. ಆ ವಾರವೆಲ್ಲ ನಾಡು ಸಾಲ, ತೆರಿಗೆ, ಷೇರು ಎಂದು ಚರ್ಚಿಸಿತು. ಸಂಕಟದಲ್ಲಿರುವವರು ಯಾರಿಗೆ ಫೋನು ಮಾಡಬೇಕು ಎಂಬ ಮಾತು ಆ ಗದ್ದಲದಲ್ಲಿ ಅಷ್ಟಾಗಿ ಕೇಳಿಸಲಿಲ್ಲ. ಮುಂದೆ ಸೇತುವೆಯ ಬದಿಗೆ ಎತ್ತರದ ಬಲೆ ಬಂತು. ಒಳ್ಳೆಯದೇ ಆಯಿತು. ಇಂಥ ತಡೆ ಜೀವ ಉಳಿಸುತ್ತದೆ. ಆ ಗಳಿಗೆಯೊಂದು ದಾಟಿದರೆ ಬಹುಪಾಲು ಜನ ಬದುಕಿಗೆ ಮರಳುತ್ತಾರೆ. ಆದರೆ ಅದಕ್ಕೂ ಮೊದಲು ಹಾಸ್ಟೆಲಿನಲ್ಲೋ ಬಾಡಿಗೆ ಕೋಣೆಯಲ್ಲೋ ನಡುರಾತ್ರಿ ಮೊಬೈಲು ಹಿಡಿದು ಕೂತವರಿಗೆ ಅದರಲ್ಲಿ ಏನು ಸಿಗುತ್ತದೆ?

ಉಳ್ಳಾಲ ನಮಗೆ ದೂರದ ಊರಲ್ಲ. ದೇರಳಕಟ್ಟೆಯ ವೈದ್ಯಕೀಯ, ನರ್ಸಿಂಗ್ ಕಾಲೇಜುಗಳಿಗೆ ನಮ್ಮ ಕಡೆಯ ಮಕ್ಕಳೂ ಹೋಗುತ್ತಾರೆ. ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳದಿಂದ ಕಟ್ಟಡ ಕೆಲಸಕ್ಕೆಂದು ಮಂಗಳೂರು ಸೇರಿದ ಕುಟುಂಬಗಳು ಎಷ್ಟೋ ಇವೆ. ಅಲ್ಲಿಯವರು ಮನಸ್ಸು ಕೆಟ್ಟಾಗ ‘ಮಂಡೆಬಿಸಿ’ ಅನ್ನುತ್ತಾರೆ. ನಮ್ಮವರು ‘ಮನಸ್ಸಿಗೆ ಸಮಾಧಾನ ಇಲ್ಲ’, ‘ತಲಿ ಕೆಟ್ಟೈತಿ’ ಅನ್ನುತ್ತಾರೆ. ‘ನನಗೆ ಖಿನ್ನತೆ’ ಎಂದು ಯಾರೂ ಅವ್ವನ ಮುಂದೆ ಹೇಳುವುದಿಲ್ಲ, ಮೊಬೈಲಿನಲ್ಲೂ ಹಾಗೆ ಬರೆದು ಹುಡುಕುವುದಿಲ್ಲ. ತಮ್ಮ ಮಾತಿನಲ್ಲೇ ಹುಡುಕಿದವರಿಗೆ ಎದುರಾಗುವುದು ಬಹಳ ಸಲ ಜ್ಯೋತಿಷಿಯ ಜಾಹೀರಾತು: ಎಂಥ ಸಮಸ್ಯೆಗೂ ಒಂದೇ ದಿನದಲ್ಲಿ ಪರಿಹಾರ, ಫೋನಿನಲ್ಲೇ! ಪಂಚಾಂಗ ಬಿಟ್ಟೆವೆಂದು ಭಾಷಣ ಮಾಡುವ ನಮ್ಮ ಮನೆಗಳ ಮಕ್ಕಳ ಕೈಗೆ ಪಂಚಾಂಗ ಈಗ ಹೀಗೆ ಬರುತ್ತಿದೆ. ಅದರ ಪಕ್ಕದಲ್ಲಿ ಗಂಟೆಗಿಷ್ಟು ಶುಲ್ಕ ಕೇಳುವ ಇಂಗ್ಲಿಷ್ ಆ್ಯಪುಗಳು, ಯಾವಾಗಲೋ ಪಟ್ಟಿ ಮಾಡಿ ಮತ್ತೆ ಯಾರೂ ಪರೀಕ್ಷಿಸದ ದೂರವಾಣಿ ಸಂಖ್ಯೆಗಳು. ಧೈರ್ಯ ಮಾಡಿ ಒತ್ತಿದ ಮೊದಲ ನಂಬರು ಸತ್ತಿದ್ದರೆ ಎರಡನೆಯದನ್ನು ಒತ್ತುವವರು ಎಷ್ಟು ಜನ?

ಹಾಗೆಂದು ನೆರವೇ ಇಲ್ಲವೆನ್ನುವಂತಿಲ್ಲ. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಆರಂಭಿಸಿದ ‘ಟೆಲಿ ಮಾನಸ್’ ಇದೆ. ನಂಬರು 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತಾಡಬಹುದು, ಹೆಸರು ಹೇಳಲೇಬೇಕೆಂದಿಲ್ಲ. ಮೊದಲು ತರಬೇತಿ ಪಡೆದ ಆಪ್ತಸಲಹೆಗಾರರು ಕೇಳಿಸಿಕೊಳ್ಳುತ್ತಾರೆ. ಅಗತ್ಯವಿದ್ದರೆ ತಜ್ಞ ವೈದ್ಯರಿಗೆ ಅಥವಾ ಹತ್ತಿರದ ಆಸ್ಪತ್ರೆಗೆ ದಾಟಿಸುತ್ತಾರೆ. ಇದರ ದೇಶಮಟ್ಟದ ಮೇಲ್ವಿಚಾರಣೆ ಬೆಂಗಳೂರಿನ ನಿಮ್ಹಾನ್ಸ್‌ನದು. ಅಂದರೆ ಇದು ನಮ್ಮದೇ ನೆಲದ ಕೆಲಸ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಕೂಡ 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ಮಾಡಿ ತೋರಿಸಿದ ಮಾದರಿಯಿಂದ ಬಂದದ್ದು. 1996ರಲ್ಲಿ ದೇಶ ಅದನ್ನು ಕೈಗೆತ್ತಿಕೊಂಡಿತು. ಇಷ್ಟಿದ್ದೂ ಅದೇ ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಕಾರಣಗಳು ಹಲವು: ವೈದ್ಯರ ಕೊರತೆ, ದೂರ, ಖರ್ಚು. ‘ಹುಚ್ಚ ಅಂದಾರು’ ಎಂಬ ಅಂಜಿಕೆ ಇವೆಲ್ಲಕ್ಕಿಂತ ದೊಡ್ಡದೆಂದು ನನಗನ್ನಿಸುತ್ತದೆ.

ಇನ್ನೊಂದು ಅಂಜಿಕೆ ಪೊಲೀಸರದು. ‘ಸಾಯಬೇಕು ಅನ್ನಿಸಿತ್ತು’ ಎಂದು ಬಾಯಿಬಿಟ್ಟರೆ ಕೇಸಾಗುತ್ತದೆಂದು ಹಿರಿಯರೇ ಹೆದರಿಸುತ್ತಾರೆ. ಹಾಗೆ ಹೇಳಿಕೊಳ್ಳುವುದು ಎಂದೂ ಅಪರಾಧವಾಗಿರಲಿಲ್ಲ. ಪ್ರಯತ್ನಿಸಿ ಬದುಕುಳಿದವರನ್ನೂ 2017ರ ಮಾನಸಿಕ ಆರೋಗ್ಯ ಕಾಯ್ದೆ ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸುತ್ತದೆ. ಅವರಿಗೆ ಆರೈಕೆ ಕೊಡುವುದು ಸರಕಾರದ ಹೊಣೆ ಎನ್ನುತ್ತದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಕಲಮು ಇಲ್ಲ. ಇದು ಪ್ರತಿ ಊರಿನ ಶರಣ ಬಂಧುಗಳಿಗೆ ಗೊತ್ತಿರಬೇಕು.

ನಮ್ಮ ಮಠಗಳು ಸಾವಿರಾರು ಮಕ್ಕಳನ್ನು ಪ್ರಸಾದ ನಿಲಯಗಳಲ್ಲಿಟ್ಟು ಓದಿಸುತ್ತಿವೆ. ಹಸಿವಿಗೆ ದಾಸೋಹವಿದೆ, ಸರಿ. ಪಿಯುಸಿ ಫಲಿತಾಂಶದ ದಿನ ಮೂಲೆಯಲ್ಲಿ ಗುಮ್ಮನೆ ಕೂತ ಹುಡುಗನಿಗೆ ಏನಿದೆ? ಊಟದ ಮನೆಯ ಗೋಡೆಯ ಮೇಲೆ, ನೀರಿನ ತೊಟ್ಟಿಯ ಬಳಿ 14416 ಎಂದು ದೊಡ್ಡದಾಗಿ ಬರೆಸಲು ಯಾವ ದಾನಿಯೂ ಬೇಕಿಲ್ಲ, ಒಂದು ಡಬ್ಬಿ ಬಣ್ಣ ಸಾಕು. ಬರೆಸುವ ಮೊದಲು ನಿಲಯಪಾಲಕರು ತಾವೇ ಒಮ್ಮೆ ಕರೆ ಮಾಡಿ, ಭಾಷೆ ಹೇಗೆ ಆರಿಸಬೇಕು, ಎಷ್ಟು ಹೊತ್ತಿಗೆ ಎತ್ತುತ್ತಾರೆ ಎಂದು ತಿಳಿದುಕೊಳ್ಳಲಿ. ಶ್ರಾವಣದ ಪ್ರವಚನದಲ್ಲಿ ಪೂಜ್ಯರೊಬ್ಬರು ‘ನಿದ್ದೆ ಬಾರದಿದ್ದರೆ ಡಾಕ್ಟರ ಹತ್ತಿರ ಹೋಗ್ರಿ, ಅದರಲ್ಲಿ ನಾಚಿಕೆ ಏನೂ ಇಲ್ಲ’ ಎಂದು ಹೇಳಿದರೆ, ನನ್ನಂಥವರು ಬರೆಯುವ ಹತ್ತು ಲೇಖನಕ್ಕಿಂತ ಹೆಚ್ಚು ಕೆಲಸವಾಗುತ್ತದೆ. ಎಲ್ಲ ಸಂಕಟಕ್ಕೂ ಧ್ಯಾನ ಮಾಡಿ, ಲಿಂಗಪೂಜೆ ಹೆಚ್ಚಿಸಿ ಎನ್ನುವ ಉತ್ತರ ಮಾತ್ರ ಬೇಡ. ಮುರಿದ ಕಾಲಿಗೆ ನಾವು ಹಾಗೆ ಹೇಳುತ್ತೇವೆಯೇ?

ಫೋನು ಸಾಲದ ಹೊತ್ತೂ ಬರುತ್ತದೆ. ದೂರದಲ್ಲಿರುವ ಮಗ ಅಥವಾ ಮಗಳು ಬದುಕು ಸಾಕೆಂದು ಹೇಳಿದರೆ ಬೈಯಬೇಡಿ, ‘ಎಲ್ಲಾ ಸರಿಹೋಗತದ’ ಎಂದು ಫೋನಿಡಲೂ ಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಮಾತು ಮುಂದುವರಿಸುತ್ತಲೇ ಬೇರೊಂದು ಫೋನಿನಿಂದ ಗೆಳೆಯರನ್ನೋ ವಾರ್ಡನ್ನರನ್ನೋ ಅವರ ಕೋಣೆಗೆ ಕಳಿಸಿ, ಒಂಟಿಯಾಗಿ ಬಿಡಬೇಡಿ ಎನ್ನಿ. ಅಪಾಯ ಎದುರಿಗೇ ಇದ್ದರೆ 112. ಮಂಗಳೂರಿನಲ್ಲಾದರೆ ಸರಕಾರಿ ವೆನ್ಲಾಕ್ ಆಸ್ಪತ್ರೆ ಇದೆ, ದೇರಳಕಟ್ಟೆಯಲ್ಲಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಧಾರವಾಡದ ಕಡೆಯವರಿಗೆ ಡಿಮ್ಹಾನ್ಸ್. ಆಮೇಲೆ ಬಸ್ಸು ಹತ್ತಿ.