ಹಿತ್ತಲಿಗೆ ಹೈಬ್ರಿಡ್ ಪೊಟ್ಟಣ ಹಂಚುವವರಿಗೆ ಒಂದು ಪ್ರಶ್ನೆ

ಹೋದ ವಾರ ಊರಿಗೆ ಹೋದಾಗ ದೊಡ್ಡಮ್ಮ ಹಿತ್ತಲಲ್ಲಿ ಟೊಮೆಟೊ ಗಿಡ ಕಿತ್ತು ತಿಪ್ಪೆಗೆ ಎಸೆಯುತ್ತಿದ್ದಳು. ಇಪ್ಪತ್ತು ಗಿಡ ಇದ್ದಿರಬೇಕು. ಒಂದು ಎದೆಮಟ್ಟ ಬೆಳೆದಿದೆ, ಪಕ್ಕದ್ದು ಮೊಣಕಾಲು ದಾಟಿಲ್ಲ. ಒಂದರಲ್ಲಿ ಗೋಲಿಯಷ್ಟು ಕಾಯಿ, ಇನ್ನೊಂದರಲ್ಲಿ ಉದ್ದ ಕಾಯಿ. ಮೂರ್ನಾಲ್ಕು ಗಿಡದಲ್ಲಿ ಎಲೆ ಮುದುಡಿಕೊಂಡು ಹೂವೇ ನಿಂತಿಲ್ಲ.

"ನನ್ ಕೈಗುಣ ಹೋಯ್ತು ಕಣಪ್ಪ, ವಯಸ್ಸಾಯ್ತಲ್ಲ" ಅಂದಳು.

ನನಗೆ ಸಿಟ್ಟು ಬಂದಿದ್ದು ಆ ಮಾತಿಗೆ. ನಲವತ್ತು ವರ್ಷ ಆ ಹಿತ್ತಲಲ್ಲಿ ಬದನೆ, ಅವರೆ, ಸೋರೆ, ಹೀರೆ ಬೆಳೆದು ಮನೆ ಮಂದಿಗೆಲ್ಲ ಸಾರು ಮಾಡಿ ಹಾಕಿದವಳು ಅವಳು. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸೆರಗಿಗೆ ಬೀಜ ಕಟ್ಟಿ ಕಳಿಸಿದವಳು. ಅವಳ ಕೈಗುಣಕ್ಕೆ ಏನೂ ಆಗಿರಲಿಲ್ಲ. ಹಿಂದಿನ ವರ್ಷ ಸಂಘದ ಸಭೆಯಲ್ಲಿ ಮನೆಗೊಂದರಂತೆ 'ಕೈತೋಟ ಕಿಟ್' ಹಂಚಿದ್ದರು. ಫೋಟೋ ಹೊಡೆಸಿಕೊಂಡರು, ಚಪ್ಪಾಳೆ ತಟ್ಟಿಸಿದರು, ಹೊರಟರು. ಅದರಲ್ಲಿದ್ದ ಟೊಮೆಟೊ ಚೆನ್ನಾಗಿಯೇ ಬಂತು. ದೊಡ್ಡಮ್ಮ ಯಾವಾಗಲೂ ಮಾಡುವ ಹಾಗೆ ಒಳ್ಳೆಯ ಹಣ್ಣು ಆರಿಸಿ ಬೀಜ ತೆಗೆದಿಟ್ಟಳು. ಈ ವರ್ಷ ಅದನ್ನೇ ಬಿತ್ತಿದಳು.

ಖಾಲಿ ಪೊಟ್ಟಣ ಇನ್ನೂ ಸೂರಿನ ಸಂದಿಯಲ್ಲಿತ್ತು. ತೆಗೆದು ನೋಡಿದೆ. ಹಿಂಬದಿ, ಇರುವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ 'ಎಫ್1 ಹೈಬ್ರಿಡ್' ಅಂತ ಬರೆದಿತ್ತು. ಕನ್ನಡದಲ್ಲಿ ಒಂದಕ್ಷರ ಇಲ್ಲ. ಕೊಟ್ಟವರೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಎಫ್1 ಅಂದರೆ ಏನು? ಎರಡು ಬೇರೆ ಬೇರೆ ತಳಿಗಳನ್ನು ಅಪ್ಪ ಅಮ್ಮ ಮಾಡಿ, ಒಂದರ ಹೂವಿಗೆ ಇನ್ನೊಂದರ ಪರಾಗ ಮುಟ್ಟಿಸಿ ಪಡೆದ ಮೊದಲ ಪೀಳಿಗೆಯ ಬೀಜ. ಆ ಪೀಳಿಗೆಯ ಗಿಡಗಳೆಲ್ಲ ಅಚ್ಚು ಹಾಕಿದಂತೆ ಒಂದೇ ಥರ, ಒಂದೇ ಎತ್ತರ, ಒಳ್ಳೆಯ ಫಸಲು. ಆದರೆ ಅವುಗಳ ಹಣ್ಣಿನಿಂದ ಬೀಜ ತೆಗೆದು ಬಿತ್ತಿದರೆ ಮುಂದಿನ ಪೀಳಿಗೆಯಲ್ಲಿ ಗುಣಗಳು ಚದುರುತ್ತವೆ. ಒಂದು ಅಜ್ಜನ ಹಾಗೆ, ಒಂದು ಅಜ್ಜಿಯ ಹಾಗೆ, ಮತ್ತೊಂದು ಇಬ್ಬರ ಹಾಗೂ ಇಲ್ಲ. ರೋಗ ತಡೆಯುವ ಶಕ್ತಿ ಒಂದಕ್ಕೆ ಬಂದರೆ ಪಕ್ಕದ್ದಕ್ಕೆ ಬರುವುದಿಲ್ಲ. ದೊಡ್ಡಮ್ಮನ ಹಿತ್ತಲಲ್ಲಿ ಆಗಿದ್ದು ಅಕ್ಷರಶಃ ಇದೇ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮೂರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಬೇರೆಯದೇ ಪುಕಾರು ಓಡಾಡುತ್ತಿದೆ. ಹೈಬ್ರಿಡ್ ಬೀಜ ವಿಷ ಅಲ್ಲ. ಅದರ ಮರಿ ಬೀಜ ಮೊಳೆಯುವುದೇ ಇಲ್ಲ ಅನ್ನುವುದೂ ಸುಳ್ಳು; ಮೊಳೆಯುತ್ತದೆ, ತಾಯಿಯ ಹಾಗೆ ಬರುವುದಿಲ್ಲ ಅಷ್ಟೆ. ಹೈಬ್ರಿಡ್ ಅಂದರೆ ಕುಲಾಂತರಿಯೂ ಅಲ್ಲ. ನಮ್ಮ ದೇಶದಲ್ಲಿ ರೈತರು ಕಾನೂನುಬದ್ಧವಾಗಿ ಬೆಳೆಯುತ್ತಿರುವ ಕುಲಾಂತರಿ ಬೆಳೆ ಬಿಟಿ ಹತ್ತಿ ಒಂದೇ. ಎರಡು ಎಕರೆ ಟೊಮೆಟೊ ಹಾಕಿ ಕೋಲಾರದ ಮಂಡಿಗೆ ಲೋಡ್ ಕಳಿಸುವವನು ಹೈಬ್ರಿಡ್ ಹಾಕಲಿ. ಅವನಿಗೆ ಒಂದೇ ಗಾತ್ರ ಬೇಕು, ಒಂದೇ ಸಲಕ್ಕೆ ಹಣ್ಣಾಗಬೇಕು, ಸಾಗಾಟದಲ್ಲಿ ಒಡೆಯಬಾರದು. ಪ್ರತಿ ಸಲ ಬೀಜಕ್ಕೆ ಕೊಡುವ ದುಡ್ಡನ್ನು ಅವನು ಲೆಕ್ಕ ಹಾಕಿಯೇ ಇಳಿಯುತ್ತಾನೆ.

ಹಿತ್ತಲು ಮಂಡಿಯಲ್ಲ. ಅಲ್ಲಿ ಎಲ್ಲ ಕಾಯಿ ಒಂದೇ ದಿನ ಹಣ್ಣಾದರೆ ಹೆಂಗಸರಿಗೆ ಅದು ತಾಪತ್ರಯವೇ. ವಾರಕ್ಕೆರಡು ಸಲ ಸಾರಿಗಾಗುವಷ್ಟು, ತಿಂಗಳುಗಟ್ಟಲೆ ಬಿಡಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಮುಂದಿನ ಮಳೆಗೆ ಬೀಜ ಮನೆಯಲ್ಲೇ ಇರಬೇಕು. ಅಂಥ ಕಡೆಗೆ, 'ಸ್ವಾವಲಂಬನೆ' ಅನ್ನುವ ಬ್ಯಾನರ್ ಕಟ್ಟಿ, ಮರುಬಿತ್ತನೆಗೆ ಆಗದ ಬೀಜ ಹಂಚುವುದಕ್ಕೆ ನಾನು ಸಹಾಯ ಅನ್ನಲಾರೆ. ಮೊದಲ ವರ್ಷ ಪುಕ್ಕಟೆ, ಎರಡನೇ ವರ್ಷದಿಂದ ಗೊಬ್ಬರದ ಅಂಗಡಿಯ ಮುಂದೆ ಸಾಲು. ಈ ನಡುವೆ ಮನೆಯಲ್ಲಿದ್ದ ಹಳೆ ಬೀಜದ ಕಥೆ? 'ಪೊಟ್ಟಣ ಬಂತಲ್ಲ' ಅಂತ ಒಂದು ವರ್ಷ ಬಿತ್ತದೆ ಬಿಟ್ಟರು, ಎರಡು ವರ್ಷ ಬಿಟ್ಟರು, ಆಮೇಲೆ ಬುರುಡೆ ಬಿಚ್ಚಿದರೆ ಹುಳ. ದೊಡ್ಡಮ್ಮನ ಮನೆಯಲ್ಲಿದ್ದ ಹುಳಿ ಟೊಮೆಟೊ ಹೋಗಿದ್ದು ಹೀಗೆಯೇ. ಕಾಯಿ ಸಣ್ಣದು, ಸಿಪ್ಪೆ ತೆಳು, ಆದರೆ ಎರಡು ಹಾಕಿದರೆ ಸಾರಿಗೆ ಹುಣಸೆಹಣ್ಣು ಬೇಕಿರಲಿಲ್ಲ. ಈಗ ಊರಲ್ಲಿ ಯಾರ ಮನೆಯಲ್ಲೂ ಇಲ್ಲ. ಕೇಳಿ ನೋಡಿದ್ದೇನೆ.

'ಹಾಗಾದರೆ ಎಲ್ಲರಿಗೂ ನಾಟಿ ಬೀಜ ಎಲ್ಲಿಂದ ತರೋದು, ಅದರಲ್ಲಿ ಇಳುವರಿ ಎಲ್ಲಿದೆ' ಅಂತ ಹಂಚುವವರು ಕೇಳುತ್ತಾರೆ. ನಾಟಿ ಇಲ್ಲವೇ ಹೈಬ್ರಿಡ್, ಎರಡೇ ದಾರಿ ಅನ್ನುವ ಹಾಗೆ. ಮೂರನೆಯದೂ ಇದೆ ಸ್ವಾಮಿ, ನಿಮ್ಮ ಕಣ್ಣೆದುರೇ ಇದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಅರ್ಕಾ ಅನಾಮಿಕ ಬೆಂಡೆ ಹೈಬ್ರಿಡ್ ಅಲ್ಲ, ತಳಿ. ಹಳದಿ ನಂಜು ರೋಗ ತಡೆಯುವುದಕ್ಕೆಂದೇ ರೂಪಿಸಿದ್ದು. ಅರ್ಕಾ ವಿಕಾಸ್ ಟೊಮೆಟೊ ಕೂಡ ತಳಿಯೇ. ಇವುಗಳ ಬೀಜ ಎತ್ತಿಟ್ಟು ಮತ್ತೆ ಬಿತ್ತಬಹುದು. ಹಾಗಂತ ಅರ್ಕಾ ಅಂತ ಹೆಸರಿದ್ದ ಮಾತ್ರಕ್ಕೆ ನಂಬಬೇಡಿ. ಅದೇ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಎಫ್1 ಹೈಬ್ರಿಡ್. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ಕೂಡ ಎತ್ತಿಡಬಹುದಾದ ತಳಿಗಳು. ನಾಟಿ ಅವರೆ ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುತ್ತದೆ, ಇವು ವರ್ಷವಿಡೀ ಬಿಡುತ್ತವೆ. ಸೊಗಡಿನ ವಿಷಯದಲ್ಲಿ ಮಾತ್ರ ಚಳಿಗಾಲದ ನಾಟಿ ಅವರೆಯ ಪಕ್ಕ ಇವನ್ನು ಇಡಬೇಡಿ. ಇದು ನನ್ನ ನಾಲಿಗೆಯ ಮಾತು, ಜಗಳಕ್ಕೆ ಸಿದ್ಧ.

ಅಂದರೆ ಸರ್ಕಾರದ ದುಡ್ಡಲ್ಲೇ ತಯಾರಾದ, ಮರುಬಿತ್ತನೆ ಮಾಡಬಹುದಾದ ಬೀಜ ಇದ್ದೂ ಹಿತ್ತಲಿಗೆ ಹೈಬ್ರಿಡ್ ಬರುತ್ತಿದೆ. ಆಯ್ಕೆ ಮಾಡುವವರಿಗೆ ಈ ವ್ಯತ್ಯಾಸ ತಿಳಿಯದೆಯೋ, ತಿಳಿದೂ ಯಾರಿಗೆ ಯಾಕೆ ಅಂತಲೋ. ಎರಡರಲ್ಲಿ ಯಾವುದಾದರೂ ಕ್ಷಮಿಸುವಂಥದ್ದಲ್ಲ.

ತಪ್ಪು ಅವರೊಬ್ಬರದೇ ಅಂದರೆ ಅದೂ ಸುಳ್ಳಾಗುತ್ತದೆ. ನಾವು, ಓದಿದ ಮಕ್ಕಳು, ಅಮ್ಮ ಬೀಜಕ್ಕೆ ಬಿಟ್ಟ ಬದನೆಕಾಯಿಯನ್ನು 'ಇದೇನು ಕೊಳೆತದ್ದು' ಅಂತ ಕಿತ್ತು ಎಸೆದವರು. ಬೀಜ ಹಿಡಿಯುವುದು ಒಂದು ವಿದ್ಯೆ ಅಂತ ನಮಗೆ ಅನ್ನಿಸಲೇ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ ಬೇರೆ ಇದೆಯಲ್ಲ. ಅದಕ್ಕೇ ದೊಡ್ಡಮ್ಮನ ಪಕ್ಕ ಕೂತು ಕೇಳಿ ಬರೆದುಕೊಂಡಿದ್ದನ್ನು, ನಾನು ಓದಿ ತಿಳಿದದ್ದನ್ನೂ ಸೇರಿಸಿ, ಇಲ್ಲಿ ಹಾಕುತ್ತಿದ್ದೇನೆ.

ಟೊಮೆಟೊ, ಅವರೆ, ಬೀನ್ಸ್ ಸುಲಭ. ಇವು ಬಹುಪಾಲು ತಮ್ಮ ಹೂವಿನ ಪರಾಗದಿಂದಲೇ ಕಾಯಿ ಕಟ್ಟುತ್ತವೆ, ಬೆರಕೆ ಕಡಿಮೆ. ಟೊಮೆಟೊ ಹಣ್ಣು ಗಿಡದಲ್ಲೇ ಪೂರ್ತಿ ಮಾಗಲಿ. ತಿರುಳು ಹಿಂಡಿ ಲೋಟದಲ್ಲಿ ಎರಡು ದಿನ ಬಿಟ್ಟರೆ ಹುಳಿಬಂದು ಬೀಜದ ಸುತ್ತಲಿನ ಲೋಳೆ ಬಿಡುತ್ತದೆ. ತೊಳೆದಾಗ ಗಟ್ಟಿ ಬೀಜ ತಳ ಸೇರುತ್ತದೆ, ಜೊಳ್ಳು ತೇಲುತ್ತದೆ. ತಟ್ಟೆಯ ಮೇಲೆ ನೆರಳಲ್ಲಿ ಒಣಗಿಸಿ. ಪೇಪರ್ ಮೇಲೆ ಹಾಕಿದರೆ ಅಂಟಿಕೊಂಡು ಸಾಯಿಸುತ್ತದೆ. ಅವರೆ ಗಿಡದಲ್ಲೇ ಒಣಗಿ ಸಿಪ್ಪೆ ಗಲಗಲ ಅನ್ನಬೇಕು.

ಬದನೆ, ಮೆಣಸಿನಕಾಯಿ, ಬೆಂಡೆಯಲ್ಲಿ ಜೇನುನೊಣ ಅಷ್ಟಿಷ್ಟು ಬೆರಕೆ ಮಾಡುತ್ತದೆ. ಒಂದೇ ಹಿತ್ತಲಲ್ಲಿ ಎರಡು ಜಾತಿ ಬದನೆ ಇದ್ದರೆ ದೂರ ದೂರ ಹಾಕಿ. ಬೀಜಕ್ಕೆ ಒಂದೇ ಗಿಡ ನಂಬಬೇಡಿ, ರೋಗವಿಲ್ಲದ ನಾಲ್ಕೈದು ಗಿಡದಿಂದ ತೆಗೆಯಿರಿ. ದೊಡ್ಡಮ್ಮ ಮೊದಮೊದಲ ಒಳ್ಳೆ ಕಾಯಿಗೇ ಕೆಂಪು ದಾರ ಕಟ್ಟುತ್ತಾಳೆ. ತಿಂದು ಉಳಿದ ಕೊನೆಯ ಕಾಯಿಯನ್ನು ಬೀಜಕ್ಕೆ ಬಿಡುವವರಿಗೆ ಅವಳು ಬೈಯುವ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಬದನೆಕಾಯಿ ಹಳದಿ ತಿರುಗಿ ಮೆತ್ತಗಾಗುವವರೆಗೆ ಬಿಡಬೇಕು. ಸಾರಿಗೆ ಹದವಾದ ಎಳೆ ಕಾಯಿಯಲ್ಲಿ ಬೀಜ ಬಲಿತಿರುವುದಿಲ್ಲ.

ಕುಂಬಳ, ಸೋರೆ, ಹೀರೆ ಕಷ್ಟದವು. ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ, ನಡುವೆ ನೊಣವೇ ದಲ್ಲಾಳಿ. ನಿಮ್ಮದೇ ಜಾತಿ ಉಳಿಯಬೇಕಾದರೆ ನಾಳೆ ಅರಳುವ ಮೊಗ್ಗು ಗುರುತಿಸಿ, ಗಂಡು ಹೆಣ್ಣು ಎರಡನ್ನೂ ದಾರ ಸುತ್ತಿ ಮುಚ್ಚಿ. ಬುಡದಲ್ಲಿ ಪುಟ್ಟ ಕಾಯಿ ಇರುವುದು ಹೆಣ್ಣು. ಅರಳುವ ಹೊತ್ತಿಗೆ ಬಿಚ್ಚಿ, ಗಂಡು ಹೂವಿನ ಪರಾಗ ಹೆಣ್ಣಿಗೆ ಸವರಿ, ಮತ್ತೆ ಕಟ್ಟಿ. ಕುಂಬಳ ಬೆಳಿಗ್ಗೆ ಅರಳುತ್ತದೆ, ಸೋರೆ ಸಂಜೆ. ಇದನ್ನು ಹೇಳಿದಾಗ ದೊಡ್ಡಮ್ಮ ನಕ್ಕಳು, "ಹೂಗೂ ಮದ್ವೆ ಮಾಡ್ಸ್ತೀಯೇನೋ" ಅಂತ. ಒಂದು ಎಚ್ಚರಿಕೆ ಮಾತ್ರ ನಗುವಂಥದ್ದಲ್ಲ: ಸೋರೆ ಕಹಿ ಇದ್ದರೆ ತಿನ್ನಬೇಡಿ, ರಸ ಮಾಡಿ ಕುಡಿಯಲೇಬೇಡಿ, ಅದರ ಬೀಜ ಇಡಬೇಡಿ. ಕಹಿ ಸೋರೆ ರಸ ಕುಡಿದು ನಮ್ಮ ದೇಶದಲ್ಲಿ ಜನ ಸತ್ತಿದ್ದಾರೆ. ಸಾರಿಗೆ ಹಾಕುವ ಮೊದಲು ಒಂದು ಚೂರು ನಾಲಿಗೆಗೆ ಮುಟ್ಟಿಸಿ ಉಗಿಯುವ ಹಳೆ ಅಭ್ಯಾಸ ಸುಮ್ಮನೆ ಬಂದಿದ್ದಲ್ಲ.

ನುಗ್ಗೆ, ದಾಸವಾಳ, ಬಸಳೆ, ದೊಡ್ಡಪತ್ರೆಗೆ ಈ ರಗಳೆಯೇ ಇಲ್ಲ. ಕೊಂಬೆ ನೆಟ್ಟರೆ ತಾಯಿ ಗಿಡವೇ ಬಂದಂತೆ.

ಎತ್ತಿಡುವಾಗ ಬೀಜ ಹಲ್ಲಿಗೆ ಕಟಕ್ ಅನ್ನುವಷ್ಟು ಒಣಗಿರಲಿ. ಬೂದಿ ಬೆರೆಸಿ ಸೋರೆ ಬುರುಡೆಯಲ್ಲೋ ಗಾಜಿನ ಬಾಟಲಿಯಲ್ಲೋ ಬಿಗಿಯಾಗಿ ಮುಚ್ಚಿ, ತಂಪು ಕತ್ತಲಲ್ಲಿಡಿ. ಮೇಲೆ ವರ್ಷ ಬರೆಯಿರಿ.

ಇನ್ನು ಭಯದ ಮಾತು. 'ಕಂಪನಿ ಬೀಜ ಎತ್ತಿಟ್ಟರೆ ಕೇಸ್ ಹಾಕ್ತಾರಂತೆ' ಅಂತ ನಮ್ಮ ಪಕ್ಕದ ಮನೆಯ ಅಕ್ಕ ಕೇಳಿದರು. ಭಯ ಹುಟ್ಟಿದ್ದಕ್ಕೆ ಕಾರಣ ಇಲ್ಲದಿಲ್ಲ. 2019ರಲ್ಲಿ ಗುಜರಾತಿನಲ್ಲಿ ಪೆಪ್ಸಿಕೋ ಕಂಪನಿ ತನ್ನ ಎಫ್‌ಸಿ5 ಆಲೂಗಡ್ಡೆ ಬೆಳೆದರೆಂದು ರೈತರ ಮೇಲೆ ದಾವೆ ಹೂಡಿ, ತಲಾ ಒಂದು ಕೋಟಿ ರೂಪಾಯಿಗೂ ಹೆಚ್ಚು ಪರಿಹಾರ ಕೇಳಿತ್ತು. ದೇಶದಲ್ಲೆಲ್ಲ ಗಲಾಟೆಯಾಗಿ ಅದೇ ವರ್ಷ ಮೇ ತಿಂಗಳಲ್ಲಿ ದಾವೆ ವಾಪಸ್ ತೆಗೆದುಕೊಂಡಿತು. ಆ ರೈತರ ಬೆನ್ನಿಗಿದ್ದದ್ದು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ. ಅದರ 39ನೇ ಸೆಕ್ಷನ್ ಪ್ರಕಾರ ರೈತರು ತಮ್ಮ ಬೆಳೆಯ ಬೀಜವನ್ನು ಎತ್ತಿಡಬಹುದು, ಬಿತ್ತಬಹುದು, ಮರುಬಿತ್ತನೆ ಮಾಡಬಹುದು, ವಿನಿಮಯ ಮಾಡಬಹುದು, ಹಂಚಬಹುದು, ಮಾರಲೂಬಹುದು. ಕಾಯ್ದೆಯಡಿ ರಕ್ಷಣೆ ಪಡೆದ ತಳಿಯನ್ನು ಬ್ರ್ಯಾಂಡ್ ಹೆಸರು ಹಾಕಿ ಪೊಟ್ಟಣ ಮಾಡಿ ಮಾರುವಂತಿಲ್ಲ, ಅಷ್ಟೆ.

ಅದೇ ಕಾಯ್ದೆಯಲ್ಲಿ 'ರೈತ' ಅಂದರೆ ಯಾರು ಅನ್ನುವುದನ್ನೂ ಬರೆದಿದ್ದಾರೆ. ಸಾಂಪ್ರದಾಯಿಕ ತಳಿಗಳನ್ನು ಕಾಪಾಡುವವರು, ಆರಿಸಿ ಅವುಗಳ ಗುಣ ಹೆಚ್ಚಿಸುವವರು ಕೂಡ ಆ ಮಾತಿನೊಳಗೆ ಬರುತ್ತಾರೆ. ದೊಡ್ಡಮ್ಮನ ಹೆಸರಲ್ಲಿ ಪಹಣಿ ಇಲ್ಲ. ಯಾವ ಅರ್ಜಿಯಲ್ಲೂ ಅವಳ ಉದ್ಯೋಗ 'ಗೃಹಿಣಿ'. ಆದರೆ ಕೆಂಪು ದಾರ ಕಟ್ಟಿ ಒಳ್ಳೆ ಕಾಯಿ ಆರಿಸುವ ಕೆಲಸಕ್ಕಾಗಿ ದೇಶದ ಕಾನೂನು ಅವಳನ್ನು ರೈತಳು ಅನ್ನುತ್ತದೆ. ಜಾಗ ಇಷ್ಟೇ ಇದೆ ಅನ್ನುವವರಿಗೂ ಒಂದು ಮಾತು: ಕಾಸರಗೋಡಿನ ಬೇಳೇರಿ ಸತ್ಯನಾರಾಯಣ ಅವರು ನೂರಾರು ಭತ್ತದ ತಳಿಗಳನ್ನು ಉಳಿಸಿದ್ದು ದೊಡ್ಡ ಗದ್ದೆ ಬಯಲಲ್ಲಲ್ಲ, ಮನೆಯ ಸುತ್ತ ಗ್ರೋ ಬ್ಯಾಗ್‌ಗಳಲ್ಲಿ. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಮಳೆಗಾಲಕ್ಕೆ ಮುಂಚೆ ನಿಮ್ಮೂರಿಗೂ ಕಿಟ್ ಬರಬಹುದು. ಬೇಡ ಅನ್ನಬೇಡಿ, ತಗೊಳ್ಳಿ. ಕೈಗೆ ಬಂದ ಕೂಡಲೇ ಪೊಟ್ಟಣ ತಿರುಗಿಸಿ, ಮೈಕ್ ಹಿಡಿದು ನಿಂತವರನ್ನೇ ಎಲ್ಲರೆದುರು ಕೇಳಿ: 'ಸರ್, ಇದರ ಬೀಜ ಎತ್ತಿಟ್ಕೋಬಹುದಾ?' ಹೌದು ಅಂದರೆ ತಳಿಯ ಹೆಸರು ಬರೆದುಕೊಳ್ಳಿ. ಇಲ್ಲ ಅಂದರೆ, ಮುಂದಿನ ಸಲ ಎತ್ತಿಡಬಹುದಾದದ್ದನ್ನೇ ತರಬೇಕು ಅಂತ ಸಂಘದ ಪುಸ್ತಕದಲ್ಲಿ ನಡಾವಳಿ ಬರೆಸಿ, ಸಹಿ ಹಾಕಿಸಿ. ಗೊತ್ತಿಲ್ಲ ಅಂದರೆ ಪೊಟ್ಟಣದ ಹಿಂಬದಿಯ ಫೋಟೋ ತೆಗೆದು ನಮಗೆ ಕಳಿಸಿ. ಆ ಸಣ್ಣಕ್ಷರ ಕನ್ನಡದಲ್ಲಿ ಓದಿ ಹೇಳುವ ಕೆಲಸ ನಮ್ಮದು.

ಹಾಂ, ಯಾರ ಮನೆಯಲ್ಲಾದರೂ ಆ ತೆಳು ಸಿಪ್ಪೆಯ ಹುಳಿ ಟೊಮೆಟೊ ಇದ್ದರೆ ತಿಳಿಸಿ. ಹತ್ತು ಬೀಜ ಸಾಕು. ಬದಲಿಗೆ ದೊಡ್ಡಮ್ಮ ಮುಳ್ಳುಬದನೆ ಬೀಜ ಕೊಡುತ್ತಾಳಂತೆ, ಬೂದಿ ಸಮೇತ.